ಷರಾ ಕಾಲಂ ಖಾಲಿ ಬಿಡಬೇಡ

ಪ್ರೀತಿಯ ಮಗಳೇ,

ನಿನ್ನಲ್ಲಿಂದ ವಾಪಸ್ ಬಂದು ನಾಲ್ಕು ದಿನವಾಯಿತು. ಹೇಳಬೇಕಾದ್ದು ಒಂದಿದೆ. ಫೋನಿನಲ್ಲಿ ಶುರು ಮಾಡಿದರೆ ಅರ್ಧಕ್ಕೇ ನಿಲ್ಲುತ್ತೆ, ಅಷ್ಟರಲ್ಲಿ ನಿನ್ನ ಮೀಟಿಂಗ್ ಬಂದಿರುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದು.

ನೀನು ಪ್ರೋಗ್ರಾಮರ್ ಆಗಿ ಮೂರು ವರ್ಷ ಕಳೆಯಿತು. ಯಾರಾದರೂ ಕೇಳಿದರೆ 'ಮಗಳು ಸಾಫ್ಟ್‌ವೇರ್‌ನಲ್ಲಿದ್ದಾಳೆ' ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಮುಂದಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಎರಡು ವಾರ ನಿನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದೇನೆ.

ಬೆಳಿಗ್ಗೆ ನೀನು ಮೊದಲು ತೆರೆಯುವುದು ಆಜ್ಞೆಗಳನ್ನು ಟೈಪ್ ಮಾಡುವ ಆ ಕಪ್ಪು ಪರದೆ, ಟರ್ಮಿನಲ್. ಟಿಮಕ್ಸ್‌ನಲ್ಲಿ ಹಿಂದಿನ ರಾತ್ರಿ ಬಿಟ್ಟ ಕೆಲಸವೆಲ್ಲ ಬಿಟ್ಟ ಜಾಗದಲ್ಲೇ ಇರುತ್ತೆ. ಆಮೇಲೆ ಹದಿನೈದು ನಿಮಿಷ ನಿಮ್ಮ ತಂಡದ ಮೀಟಿಂಗ್, ಸ್ಟ್ಯಾಂಡ್‌ಅಪ್. ಅದಾದ ಮೇಲೆ ಮಧ್ಯಾಹ್ನದವರೆಗೂ ಓದು. ಹೌದು, ಓದು. ನಿನ್ನ ಕೆಲಸ ಎಂದರೆ ಬರೆಯುವುದು ಎಂದುಕೊಂಡಿದ್ದೆ. ಬರೆಯುವುದಕ್ಕಿಂತ ಬೇರೆಯವರು ಬರೆದಿಟ್ಟದ್ದನ್ನು ಓದುವುದೇ ಜಾಸ್ತಿ. ಒಂದು ಹೆಸರು ಯಾವ ಯಾವ ಫೈಲಿನಲ್ಲಿದೆ ಎಂದು ರಿಪ್‌ಗ್ರೆಪ್‌ಗೆ ಕೇಳುತ್ತೀಯ. ಸಾವಿರಾರು ಫೈಲು ಜಾಲಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂದುಬಿಡುತ್ತೆ. ಅದರ ಹಿರಿಯಜ್ಜ ಗ್ರೆಪ್ ಹುಟ್ಟಿದ್ದು 1973ರಲ್ಲಿ, ಬರೆದವರು ಕೆನ್ ಥಾಂಪ್ಸನ್ ಎಂದು ನೀನೇ ಹೇಳಿದೆ. ಐವತ್ತು ವರ್ಷ ದಾಟಿದ ಸಲಕರಣೆ ಇನ್ನೂ ದಿನಬಳಕೆಯಲ್ಲಿದೆ ಎಂದರೆ ಅದನ್ನು ಮಾಡಿದವರ ಕೈ ಎಂಥದ್ದು ನೋಡು.

ಕೋಡ್ ಬರೆಯಲು ನಿನ್ನ ಹತ್ತಿರ ಎರಡು ಎಡಿಟರ್. ದೊಡ್ಡ ಕೆಲಸಕ್ಕೆಲ್ಲ ವಿಎಸ್ ಕೋಡ್. ಸರ್ವರ್ ಒಳಗೆ ಹೋದಾಗ ಮಾತ್ರ ವಿಮ್. ವಿಮ್‌ನಲ್ಲಿ ನೀನು ಬಾಣದ ಕೀಗಳನ್ನು ಮುಟ್ಟುವುದೇ ಇಲ್ಲ. ಎಚ್, ಜೆ, ಕೆ, ಎಲ್, ಈ ನಾಲ್ಕರಲ್ಲೇ ಓಡಾಡುತ್ತೀಯ. ಬಿಲ್ ಜಾಯ್ 1976ರಲ್ಲಿ ವಿಮ್‌ಗೆ ಮೂಲವಾದ ಹಳೆಯ 'ವಿ-ಐ' ಬರೆಯಲು ಕೂತಾಗ ಅವರ ಟರ್ಮಿನಲ್‌ನಲ್ಲಿ ಬಾಣಗಳು ಆ ಅಕ್ಷರಗಳ ಮೇಲೇ ಅಚ್ಚಾಗಿದ್ದವಂತೆ. ಆ ಯಂತ್ರ ಹೋಯಿತು, ಬೆರಳಿನ ಅಭ್ಯಾಸ ಉಳಿಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ವಿಮ್‌ನ ಖಾಲಿ ಪರದೆ. ಯಾವ ಫೈಲೂ ಇಲ್ಲದೆ ಅದನ್ನು ತೆರೆದಾಗ ನಡುವೆ ಒಂದು ಸಾಲು ಕಾಣಿಸಿತು: ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ. ಇದೇನು ಎಂದು ಕೇಳಿದೆ. ಬ್ರಾಮ್ ಮೋಲೆನಾರ್ 1991ರಲ್ಲಿ ವಿಮ್ ಅನ್ನು ಹೊರತಂದರು, ಅದಕ್ಕೆ ಬೆಲೆ ಇಡಲಿಲ್ಲ, ಇಷ್ಟವಾದರೆ ಆ ಮಕ್ಕಳಿಗೆ ಕೊಡಿ ಎಂದರು, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು ಎಂದು ನೀನು ಹೇಳಿದೆ. ಆ ಸಾಲನ್ನು ಎಷ್ಟು ಜನ ಓದದೇ ದಾಟಿಹೋಗುತ್ತಾರೋ. ನೀನು ನಿಂತು ಹೇಳಿದೆಯಲ್ಲ, ನನಗೆ ಅದು ತುಂಬಾ ಹಿಡಿಸಿತು.

ಇನ್ನು ಗಿಟ್. ಈ ಪತ್ರ ಬರೆಯಲು ಕಾರಣವೇ ಅದು.

ಮೊದಲ ದಿನ ಕೇಳಿದಾಗ 'ಫೈಲುಗಳ ಹಳೇ ರೂಪಗಳನ್ನೆಲ್ಲ ಇಟ್ಟುಕೊಳ್ಳೋ ಟೂಲ್ ಅಪ್ಪಾ' ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನನಗೆ ಮರೆತೇ ಹೋಗುತ್ತಿತ್ತು. ನೀನು 'ಗಿಟ್ ಲಾಗ್' ಎಂದು ಟೈಪ್ ಮಾಡಿ ತೋರಿಸಿದೆ. ಯಾರು ಬದಲಿಸಿದರು, ಯಾವ ತಾರೀಕು, ಎಷ್ಟು ಗಂಟೆಗೆ, ಕೆಳಗೆ ಒಂದು ಸಾಲು ವಿವರ. ನನಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷ ನಾನು ಬರೆದ ದಿನವಹಿ ಅದು!

ನಮ್ಮ ಲೆಕ್ಕದ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ತಪ್ಪು ಎಂಟ್ರಿ ಬಿದ್ದರೆ ಹಾಳೆ ಹರಿಯುವಂತಿಲ್ಲ, ಉಜ್ಜುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ. ಅದಕ್ಕೆ ಸರಿಯಾಗಿ ಉಲ್ಟಾ ಎಂಟ್ರಿ ಹಾಕಬೇಕು. ತಪ್ಪೂ ಪುಸ್ತಕದಲ್ಲಿರುತ್ತೆ, ಅದನ್ನು ತಿದ್ದಿದ್ದೂ ಇರುತ್ತೆ. ನಿನ್ನ 'ಗಿಟ್ ರಿವರ್ಟ್' ಮಾಡುವುದು ಅಪ್ಪಟ ಅದನ್ನೇ. ಹಳೆಯ ಕಮಿಟ್, ಅಂದರೆ ಅಲ್ಲಿ ದಾಖಲಾದ ಬದಲಾವಣೆ, ಅಳಿಸುವುದಿಲ್ಲ. ಅದನ್ನು ರದ್ದು ಮಾಡುವ ಹೊಸ ಕಮಿಟ್ ಸೇರಿಸುತ್ತೆ.

ಆಮೇಲೆ ಆ ಉದ್ದದ ಗುರುತು, 40 ಅಕ್ಷರದ್ದು. ಪ್ರತಿ ಕಮಿಟ್‌ನ ಗುರುತನ್ನು ಲೆಕ್ಕ ಹಾಕುವಾಗ ಅದರ ಹಿಂದಿನ ಕಮಿಟ್‌ನ ಗುರುತೂ ಸೇರಿರುತ್ತೆ ಎಂದು ನೀನು ಹೇಳಿದೆ. ಹಾಗಾಗಿ ಹಳೆಯದರಲ್ಲಿ ಒಂದು ಅಕ್ಷರ ತಿದ್ದಿದರೂ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ನಾವು ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟದ ತಲೆಗೆ ತಂದು ಬರೆಯುತ್ತಿದ್ದೆವು. ಹತ್ತನೇ ಪುಟದಲ್ಲಿ ಕೈಯಾಡಿಸಿದರೆ ಹನ್ನೊಂದರಿಂದ ಮುಂದೆ ಒಂದೂ ತಾಳೆಯಾಗದು. ಲಿನಕ್ಸ್ ಎನ್ನುವ ಆಪರೇಟಿಂಗ್ ಸಿಸ್ಟಮ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೂತು ಕೆಲವೇ ದಿನಗಳಲ್ಲಿ ಗಿಟ್‌ಗೆ ರೂಪ ಕೊಟ್ಟರಂತೆ. ಲಿನಕ್ಸ್‌ನವರು ಅಲ್ಲಿಯವರೆಗೆ ಬಳಸುತ್ತಿದ್ದ ಸಲಕರಣೆ ಪುಕ್ಕಟೆ ಸಿಗುವುದು ನಿಂತಿತ್ತು, ಬೇರೆ ದಾರಿ ಇರಲಿಲ್ಲ. ಅವಸರದಲ್ಲಿ ಶುರುವಾದ ಕೆಲಸ ಇಷ್ಟು ಗಟ್ಟಿಯಾಗಿ ನಿಂತಿದೆ.

'ಹಾಗಾದರೆ ಹಳೆಯದನ್ನು ತಿದ್ದಲು ಆಗುವುದೇ ಇಲ್ವಾ?' ಎಂದು ಕೇಳಿದೆ. ಆಗುತ್ತೆ, ರೀಬೇಸ್ ಅಂತಿದೆ, ಆದರೆ ನನ್ನ ಹತ್ತಿರ ಇರುವವರೆಗೆ ಮಾತ್ರ, ಬೇರೆಯವರ ಕೈಗೆ ಹೋದ ಮೇಲೆ ಮಾಡಬಾರದು ಎಂದು ನೀನು ಹೇಳಿದೆ. ಸರಿಯೇ. ಕಚ್ಚಾ ಲೆಕ್ಕವನ್ನು ಎಷ್ಟು ಸಲ ಬೇಕಾದರೂ ಗೀಚು. ಪಕ್ಕಾ ಪುಸ್ತಕಕ್ಕೆ ಏರಿದ ಮೇಲೆ ಮುಗಿಯಿತು.

ಈಗ ಆ ಗುರುವಾರ ರಾತ್ರಿಯ ವಿಷಯ.

ಒಂಬತ್ತು ಗಂಟೆಗೆ ನಿನಗೆ ಮೆಸೇಜ್ ಬಂತು. ತಿಂಗಳ ವರದಿಯಲ್ಲಿ ಮೊತ್ತ ಜಾಸ್ತಿ ಬರುತ್ತಿದೆ. ಒಂದನೇ ತಾರೀಕಿನ ಬಿಲ್ಲುಗಳು ಹಿಂದಿನ ತಿಂಗಳಲ್ಲೂ ಎಣಿಕೆಯಾಗುತ್ತಿವೆ, ಈ ತಿಂಗಳಲ್ಲೂ ಆಗುತ್ತಿವೆ. ಅದನ್ನು ಕೇಳಿದ ಕೂಡಲೇ ನನಗೆ ಅರ್ಥವಾಯಿತು. ತಿಂಗಳ ಗಡಿಯಲ್ಲಿ ಎಡವುವುದು ಲೆಕ್ಕದವರಿಗೆ ಹೊಸದಲ್ಲ. ಆರು ತಿಂಗಳ ಹಿಂದೆ ಸರಿಯಿತ್ತು, ಇವತ್ತು ತಪ್ಪಾಗಿದೆ, ನಡುವೆ ಸುಮಾರು 500 ಕಮಿಟ್ ಎಂದು ನೀನು ಹೇಳಿದೆ. ಒಂದೊಂದಾಗಿ ನೋಡುತ್ತಾ ಕೂತರೆ ಬೆಳಗಾಗುತ್ತೆ ಎಂದು ನಾನು ಅಂದುಕೊಂಡೆ. ನೀನು 'ಗಿಟ್ ಬೈಸೆಕ್ಟ್' ಎಂದು ಹೊಡೆದೆ. ಅದು ಸರಿಯಾಗಿ ನಡುವಿನ ಕಮಿಟ್ ತೆಗೆದುಕೊಟ್ಟಿತು. ಓಡಿಸಿ ನೋಡಿ 'ಸರಿಯಿದೆ' ಎಂದೆ. ಹಿಂದಿನ ಅರ್ಧ ಬಿಟ್ಟು ಉಳಿದರ್ಧದ ನಡುವಿನದು ಬಂತು. 'ತಪ್ಪಿದೆ' ಎಂದೆ. ಮತ್ತೆ ಅದರರ್ಧ. ಒಂಬತ್ತನೇ ಸಲಕ್ಕೆ ಸಿಕ್ಕಿತು.

ಟೆಸ್ಟ್ ಓಡುವಾಗ ನಡುವೆ ನಿನಗೊಂದು ಮಾತು ಹೇಳಿದ್ದೆ, ನೆನಪಿದೆಯಾ? ಜಮಾ ಖರ್ಚು ಎರಡೂ ಕಡೆ ಹೊಂದುತ್ತಾ ಎಂದು ನೋಡುವ ತಾಳೆ ಪಟ್ಟಿಯಲ್ಲಿ ವ್ಯತ್ಯಾಸ ಬಂದರೆ ಮೊದಲು ಅದು ಒಂಬತ್ತರಿಂದ ಭಾಗವಾಗುತ್ತಾ ನೋಡಬೇಕು ಎಂದು. ಭಾಗವಾದರೆ ಅಂಕಿ ಅದಲುಬದಲಾಗಿರಬಹುದು. 5400 ಬರೆಯುವಲ್ಲಿ 4500 ಬರೆದರೆ ವ್ಯತ್ಯಾಸ 900. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ನೀನು ಕಣ್ಣರಳಿಸಿ ಕೇಳಿದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎನ್ನುವ ಪ್ರೋಗ್ರಾಮರ್ ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ, 'ಎಕ್ಸ್-ಜೆಡ್' ಎನ್ನುವ ಸಲಕರಣೆಯೊಳಗೆ ಯಾರೋ ಅಡಗಿಸಿಟ್ಟ ಕಳ್ಳ ಬಾಗಿಲನ್ನು ಹಿಡಿದರು ಎಂದು ಬದಲಿಗೆ ನೀನು ಹೇಳಿದೆ. ಅರ್ಧ ಸೆಕೆಂಡು! ಚಿಲ್ಲರೆ ವ್ಯತ್ಯಾಸವನ್ನು 'ಹೋಗಲಿ ಬಿಡು' ಅನ್ನದ ಜನ ಅಲ್ಲೂ ಇದ್ದಾರೆ ಎಂದು ಗೊತ್ತಾಗಿ ನನಗೆ ಸಮಾಧಾನವಾಯಿತು.

ಸಿಕ್ಕಿದ ತಪ್ಪು ಎಷ್ಟು ಚಿಕ್ಕದು! 'ಮುಂದಿನ ತಿಂಗಳ ಒಂದಕ್ಕಿಂತ ಮೊದಲು' ಎಂದಿರಬೇಕಾದ ಕಡೆ 'ಒಂದು ಅಥವಾ ಅದಕ್ಕಿಂತ ಮೊದಲು' ಎಂದಾಗಿತ್ತು. ಒಂದೇ ಒಂದು ಸಮಚಿಹ್ನೆ ಹೆಚ್ಚಿಗೆ ಬಿದ್ದಿತ್ತು. ಕಮಿಟ್‌ನ ವಿವರದಲ್ಲಿ ಎರಡೇ ಪದ, 'ಸಣ್ಣ ಫಿಕ್ಸ್'. ಬರೆದವರ ಹೆಸರು ನಿನ್ನದೇ. ನಾಲ್ಕು ತಿಂಗಳ ಹಿಂದಿನದು.

ಆಗ ಗಂಟೆ ಒಂಬತ್ತೂಮುಕ್ಕಾಲು. ಚಿಹ್ನೆ ತೆಗೆದು ಮಲಗುತ್ತೀಯ ಎಂದುಕೊಂಡೆ. ನೀನು ತೆಗೆಯಲಿಲ್ಲ. ಕೈ ಕೀಬೋರ್ಡ್ ಮೇಲಿಟ್ಟುಕೊಂಡು ಪರದೆ ನೋಡುತ್ತಾ ಕೂತೆ. 'ಇದನ್ನ ಯಾಕೆ ಹಾಕಿದ್ದೆ ಅಂತ ನೆನಪಿಲ್ಲ ಅಪ್ಪಾ. ಯಾವುದೋ ಕಾರಣಕ್ಕೇ ಹಾಕಿರ್ತೀನಿ. ತೆಗೆದರೆ ಬೇರೆಲ್ಲಾದರೂ ಕೆಡುತ್ತೇನೋ' ಎಂದೆ. ಹಳೆಯ ಮೆಸೇಜುಗಳನ್ನು ಹುಡುಕಿದೆ. ಜೊತೆಯವರಿಬ್ಬರನ್ನು ಕೇಳಿದೆ. ಕೊನೆಗೆ ಬೇರೆ ಯಾವುದೋ ವರದಿಗಾಗಿ ಮಾಡಿದ ಬದಲಾವಣೆ ಇಲ್ಲಿಗೂ ತಾಗಿದೆ ಎಂದು ಗೊತ್ತಾಗುವಾಗ ರಾತ್ರಿ ಒಂದೂವರೆ. ತಪ್ಪು ಹುಡುಕಲು ಮುಕ್ಕಾಲು ಗಂಟೆ. ಕಾರಣ ಹುಡುಕಲು ಮೂರೂಮುಕ್ಕಾಲು ಗಂಟೆ.

ನಾನು ಆಗ ಏನೂ ಹೇಳಲಿಲ್ಲ. ನೀನು ದಣಿದಿದ್ದೆ. ಈಗ ಹೇಳುತ್ತೇನೆ.

ನಮ್ಮ ಪುಸ್ತಕದಲ್ಲಿ ಕೊನೆಗೊಂದು ಷರಾ ಕಾಲಂ ಇರುತ್ತಿತ್ತು, ಎಂಟ್ರಿ ಯಾಕೆ ಎಂದು ಬರೆಯುವ ಜಾಗ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ದೊಡ್ಡ ಮೊತ್ತವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿ, ಷರಾ ಬರೆಯದೆ ಬಿಟ್ಟೆ. ಅವತ್ತು ಎಲ್ಲರಿಗೂ ಗೊತ್ತಿದ್ದ ವಿಷಯವೇ ಅದು. ಹನ್ನೊಂದು ತಿಂಗಳ ಮೇಲೆ ಆಡಿಟ್‌ನವರು ಬೆರಳಿಟ್ಟು ತೋರಿಸಿ 'ಇದು ಏನು?' ಎಂದರು. ನನ್ನ ಕೈಬರಹ, ನನ್ನ ಸಹಿ, ನನ್ನ ಬಾಯಲ್ಲಿ ಮಾತಿಲ್ಲ. ಮೊತ್ತ ಸರಿಯಾಗೇ ಇತ್ತು. ಆದರೂ ಮೂರು ದಿನ ಕಳ್ಳನ ಹಾಗೆ ಕೂತಿದ್ದೆ. ಆಮೇಲೆ ನಿವೃತ್ತಿಯವರೆಗೂ ಆ ಕಾಲಂ ಒಂದು ಸಲವೂ ಖಾಲಿ ಬಿಡಲಿಲ್ಲ.

ಏನು ಬದಲಾಯಿತು ಎನ್ನುವುದನ್ನು ಗಿಟ್ ತಾನಾಗೇ ತೋರಿಸುತ್ತೆ. ಹೋದ ಸಾಲು ಕೆಂಪು, ಬಂದ ಸಾಲು ಹಸಿರು. ಯಾಕೆ ಎನ್ನುವುದು ಅದಕ್ಕೆ ಗೊತ್ತಿಲ್ಲ. ಅದು ಅವತ್ತು ನಿನ್ನ ತಲೆಯಲ್ಲಿ ಮಾತ್ರ ಇತ್ತು. ಬರೆಯಲು ಒಂದು ನಿಮಿಷ ಸಾಕಿತ್ತು, ಅಲ್ವಾ? ನಿನ್ನ ಹಿರಿಯ ಸಹೋದ್ಯೋಗಿಯ ಕಮಿಟ್‌ಗಳನ್ನೂ ಲಾಗ್‌ನಲ್ಲಿ ನೋಡಿದೆ. ಮೊದಲು ಚಿಕ್ಕದಾಗಿ ಒಂದು ಸಾಲು, ಒಂದು ಸಾಲು ಜಾಗ ಬಿಟ್ಟು ಕೆಳಗೆ ನಾಲ್ಕೈದು ಸಾಲು ಕಾರಣ. ಅವರನ್ನು ನಾನು ಭೇಟಿಯಾಗಿಲ್ಲ. ಆದರೆ ಅವರ ಷರಾ ಓದಿ ಅವರ ಮೇಲೆ ಗೌರವ ಬಂತು. ಅವತ್ತು ರಾತ್ರಿ ಆ ಚಿಹ್ನೆ ತೆಗೆದಾಗ ನೀನೂ ಮೂರು ಸಾಲು ಕಾರಣ ಬರೆದೆ. ನಿನ್ನ ಹಿಂದೆ ನಿಂತು ನಾನು ಓದಿದೆ. ತುಂಬಾ ಚೆನ್ನಾಗಿತ್ತು. ಹಾಗೇ ಬರೆ, ದಣಿದಿಲ್ಲದ ದಿನವೂ ಬರೆ.

ಈಗ ಎಐ ನಿನ್ನ ಪಕ್ಕದಲ್ಲೇ ಕೂತು ಕೋಡ್ ಬರೆದುಕೊಡುತ್ತೆ. ಕಮಿಟ್‌ನ ವಿವರವನ್ನೂ ಬರೆದುಕೊಡುತ್ತೆ ಎಂದು ನೀನು ಹೇಳಿದೆ. ಕೋಡ್ ಬರೆಯಲಿ, ತಪ್ಪಿಲ್ಲ. ನೀನು ಸಾಲು ಸಾಲಾಗಿ ಓದಿಯೇ ಒಳಗೆ ಬಿಡುವುದನ್ನು ನೋಡಿದ್ದೇನೆ. ಆದರೆ ಕಾರಣ ಮಾತ್ರ ನೀನೇ ಬರೆ. ಎಐ ಬದಲಾದದ್ದನ್ನು ನೋಡಿ ಕಾರಣ ಊಹಿಸುತ್ತೆ. ನಿನಗೆ ಕಾರಣ ಗೊತ್ತಿರುತ್ತೆ. ಸಹಿಯೂ ನಿನ್ನದೇ.

ಇನ್ನೊಂದು ಮಾತು, ಚಿಕ್ಕದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರ ನೋಡಬೇಕು ಎಂದು ನಿನ್ನ ಪರದೆ ನೆನಪಿಸುತ್ತೆ. ನೀನು ಅದನ್ನು ನೋಡದೆಯೇ ಮುಚ್ಚಿಬಿಡುತ್ತೀಯ. ಎರಡು ವಾರದಲ್ಲಿ ಒಂದು ಸಲವೂ ತಲೆ ಎತ್ತಿದ್ದು ನಾನು ಕಾಣಲಿಲ್ಲ. ಬಲಗೈ ಮಣಿಕಟ್ಟು ಹಿಡಿದುಕೊಳ್ಳುವುದೂ ನೋಡಿದೆ. ಡಾಕ್ಟರಿಗೆ ತೋರಿಸು. ಮುಂದಿನ ವಾರ ಅಲ್ಲ, ಈ ವಾರ.

ಲೆಕ್ಕ ಇಡಲು ನೀನು ಹಾಕಿಕೊಟ್ಟ 'ಲೆಡ್ಜರ್' ಪ್ರೋಗ್ರಾಂ ಚೆನ್ನಾಗಿ ಓಡುತ್ತಿದೆ. ಅದನ್ನು ಬರೆದ ಜಾನ್ ವೀಗ್ಲಿ ಅವರಿಗೆ ಜಮಾ ಖರ್ಚು ಚೆನ್ನಾಗಿ ಗೊತ್ತು. ಎರಡೂ ಕಡೆ ತಾಳೆಯಾಗದ ಎಂಟ್ರಿಯನ್ನು ಅದು ಒಪ್ಪುವುದೇ ಇಲ್ಲ. ಮನೆಯ ಲೆಕ್ಕವೆಲ್ಲ ಈಗ ಒಂದೇ ಫೈಲಿನಲ್ಲಿದೆ. ದಿನಾ ಸಂಜೆ ಗಿಟ್‌ನಲ್ಲಿ ಕಮಿಟ್ ಮಾಡುತ್ತೇನೆ. ಲಾಗ್ ನೋಡಿ ಮುಗಿದ ಮೇಲೆ ಕ್ಯೂ ಕೀ ಒತ್ತಿ ಹೊರಬರುವುದೂ ರೂಢಿಯಾಗಿದೆ. ನಿನ್ನೆಯದನ್ನು ಹಾಗೇ ಇಲ್ಲಿ ಬರೆದಿದ್ದೇನೆ:

ಕರೆಂಟ್ ಬಿಲ್: ಎರಡನೇ ಎಂಟ್ರಿ ರದ್ದು

ಸೋಮವಾರ ನಾನು ಬರೆದಿದ್ದೆ. ಅಮ್ಮ ಹೇಳಿದಳೆಂದು ಮಂಗಳವಾರ ಮತ್ತೆ ಬರೆದೆ. ರಸೀದಿ ಒಂದೇ ಇದೆ, ತೆಗೆದು ನೋಡಿದ್ದೇನೆ.

ನಿನ್ನ ಅಪ್ಪ