ಅತ್ತೆ, ಈ ಡಬ್ಬಿ ಮುಟ್ಟಿ ನೋಡಿ

ಬೊಲೊನ್ಯಾ, ಫೆಬ್ರವರಿ 22

ಅತ್ತೆಗೆ ನಮಸ್ಕಾರ. ಅಮ್ಮ, ಇದನ್ನು ಅತ್ತೆಗೆ ಓದಿ ಹೇಳು. ಮಧ್ಯೆ ನಿನ್ನ ಟಿಪ್ಪಣಿ ಬೇಡ!

ಕವರಿನಲ್ಲಿ ಒಂದು ಖಾಲಿ ಮಾತ್ರೆ ಡಬ್ಬಿ ಚಪ್ಪಟೆ ಮಾಡಿ ಇಟ್ಟಿದ್ದೇನೆ. ಕಸ ಅಂತ ಎಸೆಯಬೇಡಿ. ಹೋದ ವಾರ ಜ್ವರ ಬಂದಿತ್ತು, ಈಗ ಹೋಗಿದೆ. ಡಬ್ಬಿ ಮೇಲೆ ಬೆರಳಿಟ್ಟರೆ ಚುಕ್ಕಿ ಸಿಗುತ್ತದೆ. ಔಷಧಿಯ ಹೆಸರನ್ನು ಬ್ರೈಲಿನಲ್ಲೂ ಹಾಕಲೇಬೇಕು ಅಂತ 2004ರಲ್ಲಿ ಯುರೋಪಿಯನ್ ಒಕ್ಕೂಟ ನಿಯಮ ಮಾಡಿದೆ. ನೀವು ಬಿಪಿ ಮಾತ್ರೆಗೆ ರಬ್ಬರ್ ಬ್ಯಾಂಡ್ ಸುತ್ತಿ ಗುರುತು ಇಟ್ಟುಕೊಳ್ಳುವುದು ನೆನಪಾಗಿ ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮಲ್ಲಿ ಇದು ಎಲ್ಲ ಡಬ್ಬಿ ಮೇಲೂ ಯಾಕಿರಬಾರದು?

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರಿಗೂ ನಿಮ್ಮ ಹಾಗೆ ಕಣ್ಣು ಕಾಣಿಸುವುದಿಲ್ಲ. ನಿನ್ನೆ ಇಲ್ಲಿ ಇಟಲಿಯಲ್ಲಿ ಬ್ರೈಲ್ ದಿನ. 2007ರಲ್ಲಿ ಕಾನೂನು ಮಾಡಿ ಫೆಬ್ರವರಿ 21ನ್ನು ಇಟ್ಟುಕೊಂಡಿದ್ದಾರೆ. ಅದೇ ನೆಪದಲ್ಲಿ ಅಜ್ಜಿ ಕಾಫಿಗೆ ಕರೆದು, ಇಟಾಲಿಯನ್ ಬ್ರೈಲ್ ಹೇಗಿದೆ ಅಂತ ತೋರಿಸಿದರು. ಕೇಳುತ್ತಾ ಕೇಳುತ್ತಾ ನೀವು ಕಲಿಸಿದ ಕನ್ನಡ ಬ್ರೈಲಿಗೆ ಹೋಲಿಸುತ್ತಲೇ ಇದ್ದೆ.

ಇವರ ಅಕ್ಷರಗಳೂ ನಮ್ಮವೂ ಮೂಲದಲ್ಲಿ ಫ್ರೆಂಚ್ ಬ್ರೈಲಿನಿಂದ ಬಂದವೇ. ಹಾಗಾಗಿ ಮ, ನ, ಲ, ಪ, ರ ಎಲ್ಲ ನಿಮಗೆ ಗೊತ್ತಿರುವ ಚುಕ್ಕಿಗಳೇ. ಮಜಾ ಇರುವುದು ಉಳಿದದ್ದರಲ್ಲಿ. ದೊಡ್ಡಕ್ಷರದ ಮುಂದೆ ಇವರು 4-6, ಅಂದರೆ ಆರು ಚುಕ್ಕಿಗಳಲ್ಲಿ 4 ಮತ್ತು 6ನೆಯದನ್ನು ಹಾಕುತ್ತಾರೆ. ಅದು ನಮ್ಮ ಖ! ರೋಮಾ ಅಂತ ಬರೆದಿದ್ದರೆ ನೀವು ಖರೋಮ ಅಂತ ಓದುತ್ತೀರಿ.

ಇವರ ಭಾಷೆಯಲ್ಲಿ ಸ್ವರದ ಮೇಲೆ ಒಂದು ಓರೆ ಗೀಟು ಬರುತ್ತದೆ. ಬರೀ ಎ ಇದ್ದರೆ 'ಮತ್ತು', ಗೀಟು ಇದ್ದರೆ 'ಇದೆ'. ಅಚ್ಚಿನಲ್ಲಿ ಅದು ಅದೇ ಎ, ಮೇಲೊಂದು ಗೀಟು ಅಷ್ಟೇ. ಬ್ರೈಲಿನಲ್ಲಿ ಹಾಗಲ್ಲ, ಅದಕ್ಕೆ ಬೇರೆಯದೇ ಅಕ್ಷರ. ಮಾಮೂಲಿ ಎ 1-5. ಗೀಟಿನ ಎ 2-3-4-6, ಅಂದರೆ ನಿಮ್ಮ ಧ. ಗೀಟು ಇನ್ನೊಂದು ಕಡೆಗೆ ವಾಲಿದರೆ ಆರೂ ಚುಕ್ಕಿ, ನಿಮ್ಮ ಢ. ಗೀಟಿನ ಓ ಬಂದರೆ 3-4-6, ಙ. ಪಾಪ, ಕನ್ನಡದಲ್ಲಿ ಯಾರೂ ಕೇಳದ ಙ ಇಲ್ಲಿ ಸಾಲು ಸಾಲಿಗೂ ದುಡಿಯುತ್ತಿದೆ.

ಒತ್ತು ಇವರಿಗೂ ಜಾಸ್ತಿ. ಮಮ್ಮಾ, ನೋನ್ನೋ, ಎಲ್ಲ ಒತ್ತೇ. ಆದರೆ ನಮ್ಮ ಹಾಗೆ ಮೊದಲು 4ನೇ ಚುಕ್ಕಿ ಹಾಕಬೇಕಿಲ್ಲ. ಅಕ್ಷರವನ್ನು ಎರಡು ಸಲ ಬರೆದರೆ ಆಯಿತು. ಇನ್ನೊಂದು ವಿಷಯ, ನೀವು ಇಂಗ್ಲಿಷ್‌ಗೆ ಕಷ್ಟಪಟ್ಟು ಕಲಿತ ಗ್ರೇಡ್ ಟೂ ಸಂಕ್ಷೇಪಗಳು ಇಲ್ಲಿಲ್ಲ. ಪ್ರತಿ ಪದವನ್ನೂ ಪೂರ್ತಿ ಬರೆಯುತ್ತಾರೆ. ಕಲಿಯುವುದು ಸುಲಭ, ಪುಸ್ತಕ ಮಾತ್ರ ದಪ್ಪ. ಅಜ್ಜಿಗೆ ಮೊಂಝಾ ಊರಿನ ಗ್ರಂಥಾಲಯದಿಂದ ಪುಸ್ತಕ ಬರುತ್ತದೆ. 1928ರಿಂದ ಅಂಧರಿಗಾಗಿಯೇ ಇರುವ ಗ್ರಂಥಾಲಯ ಅದು. ಒಂದು ಕಾದಂಬರಿಗೆ ಅವರ ಅರ್ಧ ಮೇಜು ತುಂಬಿತ್ತು.

ಅಜ್ಜಿ ಹೇಳಿದ ಒಂದು ಕಥೆ ತಲೆಯಿಂದ ಹೋಗುತ್ತಿಲ್ಲ. ಬ್ರೈಲ್ ಹುಟ್ಟುವ ಮೊದಲೇ, ಪೆಲ್ಲೆಗ್ರಿನೋ ತೂರಿ ಅಂತ ಒಬ್ಬ ಇಟಲಿಯವನು ಕಣ್ಣು ಕಾಣದ ಗೆಳತಿ ಕರೋಲಿನಾ ಫಾಂತೋನಿಗೆ ಟೈಪ್ ಮಾಡುವ ಯಂತ್ರ ಕಟ್ಟಿಕೊಟ್ಟನಂತೆ. ಯಂತ್ರ ಈಗಿಲ್ಲ. 1808ರಿಂದ ಅವಳು ಅದರಲ್ಲಿ ಬರೆದ ಕೆಲವು ಪತ್ರಗಳು ಉಳಿದಿವೆ. ಯಾರ ಸಹಾಯವೂ ಇಲ್ಲದೆ ಪತ್ರ ಬರೆಯುವುದು ಅವಳಿಗೆ ಎಷ್ಟು ಖುಷಿ ಕೊಟ್ಟಿರಬೇಕು, ಅಲ್ವಾ? ಆದರೆ ಅದು ಮಾಮೂಲಿ ಮಸಿಯ ಅಕ್ಷರ. ಬರೆದದ್ದನ್ನು ಅವಳೇ ಓದಿಕೊಳ್ಳುವ ಹಾಗಿರಲಿಲ್ಲ. ಬಂದ ಉತ್ತರವನ್ನೂ ಬೇರೆಯವರೇ ಓದಿ ಹೇಳಬೇಕು.

ಈ ಪತ್ರವನ್ನೂ ಅಮ್ಮನೇ ಓದುತ್ತಿದ್ದಾಳೆ ಅಂತ ಗೊತ್ತು. ಅದಕ್ಕೇ ಅಜ್ಜಿಯ ಬ್ರೈಲ್ ಬರೆಯುವ ಸ್ಲೇಟಿನಲ್ಲಿ ಕೂತು ಒಂದು ಹಾಳೆ ನಿಮಗೆ ಅಂತಲೇ ಚುಚ್ಚಿದ್ದೇನೆ, ಕನ್ನಡದಲ್ಲಿ. ಡಬ್ಬಿಯ ಕೆಳಗಿದೆ. ಅದರಲ್ಲಿ ಏನಿದೆ ಅಂತ ಅಮ್ಮ ಕೇಳಿದರೆ ಹೇಳಬೇಡಿ. ಉತ್ತರವನ್ನೂ ನಿಮ್ಮ ಸ್ಲೇಟಿನಲ್ಲೇ ಬರೆದು ಕಳಿಸಿ. ಅಜ್ಜಿಗೂ ನಮ್ಮ ಕನ್ನಡದ ಸಾಲನ್ನು ಬೆರಳಲ್ಲಿ ನೋಡಬೇಕಂತೆ. ಅಪ್ಪನಿಗೆ ಭಾನುವಾರ ಫೋನ್ ಮಾಡುತ್ತೇನೆ ಅಂತ ಹೇಳಿ.

ನಿಮ್ಮ ಪುಟ್ಟಿ