ಊರಿನ ಹೆಮ್ಮೆಗೆ ಸುಳ್ಳಿನ ಆಸರೆ ಬೇಡ

ಮಾನ್ಯ ಸಂಪಾದಕರೇ,

ಜುಲೈ 1ರ ಪತ್ರಿಕಾ ದಿನಾಚರಣೆ ಬಂತೆಂದರೆ ನಮ್ಮ ಮಂಗಳೂರಿನ ವೇದಿಕೆಗಳಲ್ಲಿ ಊರಿನ ಹೆಗ್ಗಳಿಕೆಗಳ ಪಟ್ಟಿಯೊಂದನ್ನು ಓದುವುದು ರೂಢಿಯಾಗಿದೆ. ಅದೇ ಪಟ್ಟಿ ಮರುದಿನ ಎಲ್ಲರ ಮೊಬೈಲಿಗೂ ಬರುತ್ತದೆ; ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೂ ಇದೆ. ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಆ ಹೆಮ್ಮೆಯ ಬಗ್ಗೆ ತಕರಾರಿಲ್ಲ. ಆದರೆ ದಿಟವಾದ ಸಂಗತಿಗಳ ನಡುವೆ ಅರೆಬೆಂದವುಗಳನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳುವುದರಿಂದ ದಿಟದ ತೂಕವೇ ಕಡಿಮೆಯಾಗುತ್ತಿದೆ ಎಂಬುದು ನನ್ನ ಆಕ್ಷೇಪ.

ಖಾಕಿಯನ್ನೇ ನೋಡಿ. 'ಜಗತ್ತಿಗೆ ಖಾಕಿ ಕೊಟ್ಟದ್ದು ಮಂಗಳೂರು' ಎಂಬ ಮಾತಿಗೆ ಸಿಗುವಷ್ಟು ಚಪ್ಪಾಳೆ ಬೇರಾವುದಕ್ಕೂ ಸಿಗುವುದಿಲ್ಲ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಹಾಲರ್ 1850ರ ದಶಕದಲ್ಲಿ ಇಲ್ಲಿ ಖಾಕಿ ಬಣ್ಣದ ಬಟ್ಟೆ ತಯಾರಿಸಿದ್ದು ಹೌದು. ಆದರೆ ಅದಕ್ಕೂ ಮೊದಲೇ, 1840ರ ದಶಕದ ಕೊನೆಯಲ್ಲಿ, ಪೇಶಾವರದ ಕಡೆ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯ ಸೈನಿಕರು ಮಣ್ಣಿನ ಬಣ್ಣದ ಉಡುಪು ತೊಟ್ಟಿದ್ದರು. ಖಾಕಿ ಎಂಬ ಹೆಸರಾದರೂ ಧೂಳು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದದ್ದು. 'ಖಾಕಿ ಬಟ್ಟೆಯನ್ನು ಕಾರ್ಖಾನೆಯಲ್ಲಿ ತಯಾರಿಸಿದ ಹಳೆಯ ಊರುಗಳಲ್ಲಿ ನಮ್ಮದೂ ಒಂದು' ಎಂದರೆ ನಮ್ಮ ಮರ್ಯಾದೆಗೇನೂ ಕುಂದಿಲ್ಲ.

ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ಪಾಕ್ಷಿಕ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವರ್ಷ ತುಂಬುವಷ್ಟರಲ್ಲಿ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತೆಂಬುದನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ. ಬಳ್ಳಾರಿಯವರಿಗೂ ಈ ದಿನದಲ್ಲಿ ಒಂದು ಪಾಲಿದೆಯಲ್ಲವೇ?

ಹಂಚಿನ ವಿಷಯದಲ್ಲಂತೂ 'ಮೊದಲು' ಎಂಬ ಪದದ ಗೀಳು ನಮ್ಮ ಕಣ್ಣನ್ನೇ ಕಟ್ಟಿದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ವಿನ್ಯಾಸ ಫ್ರಾನ್ಸಿನದು, ಮಂಗಳೂರಿನಲ್ಲಿ ಹುಟ್ಟಿದ್ದಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗ ಇಲ್ಲಿನವರು ಮಾಡಿದ್ದು ಬೇರೆಯದೇ ಕೆಲಸ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ದೋಣಿಗಳಲ್ಲಿ ತಂದು, ಹದವಾಗಿ ಕಲಸಿ, ಅಚ್ಚಿಗೆ ಹಾಕಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟು, ಕರಾವಳಿಯ ಮಳೆಗೆ ಜಗ್ಗದ ಒಂದು ಮಾಡನ್ನು ಅವರು ಕೊಟ್ಟರು. ವರ್ಷವರ್ಷವೂ ಮುಳಿಹುಲ್ಲು ಹೊದಿಸುವ ಪಾಡಿನಿಂದ ಎಷ್ಟೋ ಮನೆಗಳು ಪಾರಾದವು. ಈ ಹಂಚು ಹಡಗು ಹತ್ತಿ ಸಮುದ್ರದಾಚೆಗೂ ಹೋಯಿತು, ಹೋದಲ್ಲೆಲ್ಲ 'ಮಂಗಳೂರು ಹಂಚು' ಎಂದೇ ಕರೆಸಿಕೊಂಡಿತು. ವಿನ್ಯಾಸ ಯಾರದ್ದಾದರೂ ಹೆಸರು ಗಳಿಸಿದ್ದು ನಮ್ಮ ಮಣ್ಣು, ಮತ್ತು ಆ ಮಣ್ಣು ತುಳಿದ ಹೆಂಗಸರು ಗಂಡಸರ ದುಡಿಮೆ. ವೇದಿಕೆಯ ಪಟ್ಟಿಯಲ್ಲಿ ಆ ದುಡಿಮೆಗೆ ಅರ್ಧ ವಾಕ್ಯವೂ ಸಿಗುವುದಿಲ್ಲ. ಕಾಂಕ್ರೀಟು ತಾರಸಿಗಳು ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಎತ್ತರದ ಹೊಗೆ ಕೊಳವೆಗಳು ಉರುಳಿ ಆ ಜಾಗಗಳಲ್ಲಿ ವಸತಿ ಸಮುಚ್ಚಯಗಳು ಎದ್ದವು; ಅದನ್ನು ನೋಡುತ್ತ ನಾವು ಖಾಕಿಯ ಬಗ್ಗೆ ಭಾಷಣ ಕೇಳುತ್ತ ಕೂತೆವು.

ಉಡುಪಿಯೂ ಸೇರಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ನಿಜವಾದ ಆವಿಷ್ಕಾರವೊಂದನ್ನು ಹೆಸರಿಸಬೇಕಾದರೆ ನಾನು ಪಿಗ್ಮಿಯನ್ನು ಹೆಸರಿಸುತ್ತೇನೆ. ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೇ ಬ್ಯಾಂಕು ಹೋಗಬೇಕೆಂಬ ಆ ಯೋಚನೆ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಬ್ಯಾಂಕಿನ ಹೆಸರು 2020ರ ವಿಲೀನದಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿಹೋಯಿತು. ಆದರೂ ಬೀದರಿನ ಕಿರಾಣಿ ಅಂಗಡಿಯವರೂ ಸಂಜೆ 'ಪಿಗ್ಮಿಯವನು ಬಂದನೇ' ಎಂದು ಕೇಳುವಾಗ ಅವರ ಬಾಯಲ್ಲಿರುವುದು ಉಡುಪಿಯ ಮಾತು. (ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯದೋ ಮಂಗಳೂರಿನದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ, ಎರಡೂ ಕಡೆ ನೆಂಟರಿದ್ದಾರೆ.)

ಆದ್ದರಿಂದ ಜಿಲ್ಲಾಡಳಿತ ಮತ್ತು ಮಹಾನಗರ ಪಾಲಿಕೆಯವರಲ್ಲಿ ನನ್ನ ಕೋರಿಕೆ ಇಷ್ಟು. ಊರಿನ ಹೆಗ್ಗಳಿಕೆಗಳನ್ನು ಫಲಕಗಳಲ್ಲಿ ಬರೆಸುವ ಮೊದಲು ಇತಿಹಾಸ ಬಲ್ಲ ಮೂವರಿಗಾದರೂ ಅವುಗಳನ್ನು ತೋರಿಸಿ, ಏಷ್ಯಾಕ್ಕೇ ಮೊದಲು, ಜಗತ್ತಿಗೇ ಮೊದಲು ಎಂಬ ಸಾಲುಗಳಿಗೆ ದಾಖಲೆ ಕೇಳಬೇಕು. ಉಳಿದಿರುವ ಹಳೆಯ ಹಂಚಿನ ಕಾರ್ಖಾನೆಗಳಲ್ಲಿ ಒಂದನ್ನಾದರೂ ಗೂಡು ಸಮೇತ ಉಳಿಸಿಕೊಂಡು, ಅಲ್ಲಿ ದುಡಿದವರ ಹೆಸರುಗಳನ್ನು ಅವರು ಬದುಕಿರುವಾಗಲೇ ಬರೆದಿಡಬೇಕು. ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಮಾಡಿನ ಮರದ ಪಕ್ಕಾಸು, ರೀಪು ಬದಲಿಸುವಾಗ ಇಳಿಸಿದ ಹಂಚುಗಳಲ್ಲಿ, ಬೆನ್ನಿನ ಮೇಲೆ ಕಾರ್ಖಾನೆಯ ಹೆಸರಿನ ಅಚ್ಚು ಸ್ಪಷ್ಟವಾಗಿರುವ ಹನ್ನೆರಡನ್ನು ಒರೆಸಿ ತೆಗೆದಿಟ್ಟಿದ್ದೇನೆ. ಅಂಥ ಜಾಗವೊಂದು ಸಿದ್ಧವಾದರೆ ಅವನ್ನು ನಾನೇ ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಮಂಗಳೂರು