ಪಟ್ಟಿಯ ನಡುವೆ ಸೇರಿಸುವುದನ್ನು ವಿವರಿಸಿ ಕಲಿಸಿ

ಮಾನ್ಯರೆ,

ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಪದವಿ, ಡಿಪ್ಲೊಮಾ ವಿದ್ಯಾರ್ಥಿಗಳು ಜಾವಾ ಲ್ಯಾಬ್ ಪರೀಕ್ಷೆಯಲ್ಲಿ ಅರೇ ಲಿಸ್ಟ್ (ಬೇಕಾದಂತೆ ಬೆಳೆಯುವ ಪಟ್ಟಿ) ನಡುವೆ ಅಂಶ ಸೇರಿಸುವ ಪ್ರಶ್ನೆ ಬಂದರೆ ಕೋಡ್‌ನ ಸಾಲನ್ನು ತಪ್ಪಿಲ್ಲದೆ ಬರೆಯುತ್ತಾರೆ. ‘ಒಳಗೆ ಏನಾಯಿತು?’ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳಿದರೆ ಉತ್ತರ ಇರುವುದಿಲ್ಲ. ಇದು ಮಕ್ಕಳ ತಪ್ಪಲ್ಲ, ಬಾಯಿಪಾಠ ಮಾಡಿಸುವ ನಮ್ಮ ಕ್ರಮದ ತಪ್ಪು.

ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಎಂಬ ನಾಲ್ಕು ರೈಲು ನಿಲ್ದಾಣಗಳ ಪಟ್ಟಿ ತೆಗೆದುಕೊಳ್ಳಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊಪ್ಪಳದ ಇಂಡೆಕ್ಸ್ (ಜಾಗದ ಸಂಖ್ಯೆ) 2. ಅದರ ಮುಂಚೆ ಗಿಣಿಗೇರಾ ಬರಬೇಕಾದರೆ ಆ್ಯಡ್ ಮೆಥಡ್‌ಗೆ ಮೊದಲು 2, ಆಮೇಲೆ ಹೆಸರು ಕೊಡಬೇಕು. ಗದಗ 4ಕ್ಕೆ, ಕೊಪ್ಪಳ 3ಕ್ಕೆ ಸರಿದು, ತೆರವಾದ 2ರಲ್ಲಿ ಗಿಣಿಗೇರಾ ಕೂರುತ್ತದೆ. ಆ್ಯಡ್ ಬದಲು ಸೆಟ್ ಬರೆದರೆ ಎರರ್ ಏನೂ ಬರುವುದಿಲ್ಲ, ಕೊಪ್ಪಳವೇ ಅಳಿಸಿಹೋಗುತ್ತದೆ.

ಇದನ್ನೇ ಸಿ ಭಾಷೆಯ ಅರೇ (ಸಾಲಾಗಿ ಜೋಡಿಸಿದ ಜಾಗಗಳು) ಮೇಲೆ ಕೈಯಾರೆ ಬರೆಸಿದಾಗ ಲೂಪ್ ಕೊನೆಯಿಂದ ಹಿಂದಕ್ಕೆ ಬರಬೇಕು. ಮುಂದಿನಿಂದ ಹೊರಟರೆ ಕೊಪ್ಪಳ ಮೊದಲು ಗದಗದ ಜಾಗಕ್ಕೆ ಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಅದೇ ಕೊಪ್ಪಳ 4ಕ್ಕೂ ಹೋಗುತ್ತದೆ. ಔಟ್‌ಪುಟ್‌ನಲ್ಲಿ ಕೊಪ್ಪಳ ಎರಡು ಸಲ, ಗದಗ ನಾಪತ್ತೆ. ಈ ತಪ್ಪನ್ನು ಒಮ್ಮೆ ಬೋರ್ಡ್ ಮೇಲೆ ಚೌಕ ಬರೆದು ತೋರಿಸಿದರೆ ಸಾಕು, ಮಕ್ಕಳು ಮರೆಯುವುದಿಲ್ಲ.

ನಾಲ್ಕು ಅಂಶಗಳಿದ್ದರೆ 0ಯಿಂದ 4ರವರೆಗೆ ಎಲ್ಲಿ ಬೇಕಾದರೂ ಸೇರಿಸಬಹುದು, 4 ಎಂದರೆ ಕೊನೆಗೆ. 5 ಕೊಟ್ಟರೆ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್ ಎಕ್ಸೆಪ್ಷನ್, ಅಂದರೆ ಇಂಡೆಕ್ಸ್ ಮಿತಿ ಮೀರಿದೆ ಎಂಬ ಎರರ್. ಹೆಚ್ಚು ಜನ ಎಡವುವುದು ಕೆಪ್ಯಾಸಿಟಿಯಲ್ಲಿ (ಮೊದಲೇ ಕಾದಿರಿಸಿದ ಜಾಗ): 100 ಎಂದು ಕೊಟ್ಟು ಪಟ್ಟಿ ರಚಿಸಿದರೂ ಅದರ ಸೈಜ್ (ಈಗಿರುವ ಅಂಶಗಳ ಸಂಖ್ಯೆ) ಇನ್ನೂ ಸೊನ್ನೆಯೇ. ಅಲ್ಲಿ 5ನೇ ಇಂಡೆಕ್ಸ್‌ಗೆ ಸೇರಿಸಲು ಹೋದರೂ ಇದೇ ಎಕ್ಸೆಪ್ಷನ್. ಪೈಥಾನ್ ಭಾಷೆ ಹಾಗಲ್ಲ. ಇನ್ಸರ್ಟ್‌ಗೆ 50 ಕೊಟ್ಟರೂ ಸುಮ್ಮನೆ ಕೊನೆಗೆ ಸೇರಿಸುತ್ತದೆ. ಮೈನಸ್ 1 ಕೊಟ್ಟರೆ ಕೊನೆಗಲ್ಲ, ಕೊನೆಯ ಅಂಶದ ಮುಂಚೆ. ತಪ್ಪು ಕಣ್ಣಿಗೆ ಬೀಳದ ಕಾರಣ ಇದೇ ಹೆಚ್ಚು ಅಪಾಯ.

ವೇಗದ ಮಾತೂ ಇದೆ. ಖಾಲಿ ಪಟ್ಟಿಗೆ 10,000 ಅಂಶಗಳನ್ನು ಒಂದೊಂದಾಗಿ ಸೊನ್ನೆಯ ಜಾಗಕ್ಕೇ ಸೇರಿಸುತ್ತ ಹೋದರೆ ಒಳಗೆ ಒಟ್ಟು 4,99,95,000 ಸಲ ಅಂಶಗಳು ಸರಿಯಬೇಕು. ಕೊನೆಗೆ ಸೇರಿಸಿ ಆಮೇಲೆ ತಿರುಗಿಸುವುದು, ಇಲ್ಲವೇ ಅರೇ ಡೆಕ್ (ಎರಡೂ ತುದಿಯಲ್ಲಿ ಸುಲಭವಾಗಿ ಸೇರಿಸಬಹುದಾದ ರಚನೆ) ಬಳಸುವುದು ಲೇಸು. ಒಂದು ಗುಂಪನ್ನೇ ನಡುವೆ ತುರುಕಬೇಕಿದ್ದರೆ ಆ್ಯಡ್ ಆಲ್ ಬಳಸಿ, ಸರಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಲಿಂಕ್ಡ್ ಲಿಸ್ಟ್ (ಅಂಶಗಳನ್ನು ಕೊಂಡಿಗಳಿಂದ ಜೋಡಿಸಿದ ಪಟ್ಟಿ) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಪಾಠವೂ ಪೂರ್ತಿ ನಿಜವಲ್ಲ. ನಡುವಿನ ಜಾಗ ತಲುಪಲು ಅಲ್ಲಿ ಒಂದೊಂದೇ ಕೊಂಡಿ ದಾಟಬೇಕು. ಪಟ್ಟಿಯ ಅಂಶಗಳನ್ನು ಒಂದೊಂದಾಗಿ ನೋಡುವ ಫಾರ್ ಈಚ್ ಲೂಪ್ ಒಳಗೆ ಅದೇ ಪಟ್ಟಿಗೆ ಸೇರಿಸಿದರೆ ಸಾಮಾನ್ಯವಾಗಿ ಕನ್‌ಕರೆಂಟ್ ಮಾಡಿಫಿಕೇಷನ್ ಎಕ್ಸೆಪ್ಷನ್ (ನೋಡುತ್ತಿರುವಾಗಲೇ ಪಟ್ಟಿ ಬದಲಾಯಿತು ಎಂಬ ಎರರ್) ಬರುತ್ತದೆ, ಅಲ್ಲಿ ನೋಡುತ್ತಲೇ ಸೇರಿಸಲು ಬಿಡುವ ಲಿಸ್ಟ್ ಇಟರೇಟರ್ ಬೇಕು.

ಲ್ಯಾಬ್ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನಮ್ಮ ವಿನಂತಿ ಇಷ್ಟು: ಒಂದೇ ಸರಿಯಾದ ಔಟ್‌ಪುಟ್ ನೋಡಿ ಅಂಕ ಕೊಡಬೇಡಿ. ಖಾಲಿ ಪಟ್ಟಿ, ಸೊನ್ನೆಯ ಜಾಗ, ಸೈಜ್‌ಗೆ ಸಮನಾದ ಇಂಡೆಕ್ಸ್, ಅದಕ್ಕಿಂತ ಒಂದು ಹೆಚ್ಚು – ಈ ನಾಲ್ಕನ್ನೂ ವಿದ್ಯಾರ್ಥಿಯಿಂದ ಓಡಿಸಿ ನೋಡಿ.

– ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕರು, ಕೊಪ್ಪಳ